ಪಾಸ್ಕಲ್ ಪೊರ್ಬುಗಳು ಬೇಸ್ ಮಾರುತ್ತಿದ್ದ ಬಗೆ

ಪಾಸ್ಕಲ್ ಕ್ಯಾಸ್ತಲಿನೊ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಒಂದು ಕೆಂಪುಕಲ್ಲಿನ ಗೋಡೆ ಮಾತ್ರ ಉಂಟು. ಕಾಪುವಿನಲ್ಲಿ ನಮ್ಮ ಓಣಿಯವರೆಲ್ಲ ಅವರನ್ನು ಪೊರ್ಬುಗಳು ಎನ್ನುತ್ತಾರೆ. ಕ್ರಿಶ್ಚಿಯನ್ ಗಂಡಸರನ್ನು ನಾವು ತುಳುವರು ಮರ್ಯಾದೆಯಿಂದ ಕರೆಯುವುದೇ ಹಾಗೆ. ಅವರು ನನ್ನನ್ನು ಬೇಬಿಯಕ್ಕ ಎನ್ನುತ್ತಾರೆ. ಈಚೆ ಜಗಲಿಯಲ್ಲಿ ನಾನು ಬೀಡಿ ಕಟ್ಟುವುದು, ಆಚೆ ಅವರು ತಂತಿ ಮೀಟುವುದು, ಇದು ಮೂವತ್ತೆರಡು ವರ್ಷ ನಡೆಯಿತು.

ಗಿಟಾರು ಎಲ್ಲರಿಗೂ ಗೊತ್ತು. ಬೇಸ್ ಗಿಟಾರು ಬೇರೆ. ಅದಕ್ಕೆ ನಾಲ್ಕೇ ತಂತಿ, ದಪ್ಪ ತಂತಿ. ಹಾಡು ಕೇಳುವವರಿಗೆ ಅದರ ಸ್ವರ ಪ್ರತ್ಯೇಕ ಕೇಳಿಸುವುದಿಲ್ಲ. ಆದರೆ ಅದು ನಿಂತರೆ ಹಾಡಿನ ಅಡಿಯಲ್ಲಿ ನೆಲವೇ ಇಲ್ಲ ಅನಿಸುತ್ತದೆ. ಡಬಲ್ ಬೇಸ್ ಅಂದರೆ ಇನ್ನೂ ದೊಡ್ಡದು, ಆಳೆತ್ತರದ ಪಿಟೀಲಿನ ಹಾಗೆ. ನೆಲದ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ನಿಂತು ತಬ್ಬಿಕೊಂಡ ಹಾಗೆ ನುಡಿಸಬೇಕು. ಪೊರ್ಬುಗಳಲ್ಲಿ ಅಂಥದ್ದು ಒಂದು ಉಂಟು. ಕಾರ್ಕಳದ ಹಳೆಯ ಸಂಗೀತದ ಮಾಸ್ತರರೊಬ್ಬರು ಕೊನೆಗಾಲದಲ್ಲಿ ಅವರಿಗೆ ಕೊಟ್ಟದ್ದು. ಒಂದು ರೆಸಾರ್ಟಿನವರು ಬಂದು, ಅದನ್ನು ಬಾಗಿಲ ಬಳಿ ನಿಲ್ಲಿಸಿ ಸುತ್ತ ಬಣ್ಣದ ಬಲ್ಬು ಹಾಕುತ್ತೇವೆ, ಕೊಡಿ ಎಂದಿದ್ದರು. "ನನ್ನನ್ನೇ ನಿಲ್ಲಿಸಿ ಬಲ್ಬು ಹಾಕಿ" ಎಂದು ಪೊರ್ಬುಗಳು ಅವರನ್ನು ಕಳುಹಿಸಿದ್ದರು.

ಅವರು ಬಹರೈನಿನಲ್ಲಿ ಹನ್ನೊಂದು ವರ್ಷ ಬಡಗಿ ಕೆಲಸ ಮಾಡಿ ಬಂದವರು. ಊರಿಗೆ ಬಂದ ಮೇಲೆ ಹಳೆಯ ಬೇಸ್ ಗಿಟಾರುಗಳನ್ನು ಹುಡುಕಿ ತರುವುದು, ರಿಪೇರಿ ಮಾಡಿ ಮಾರುವುದು, ಮದುವೆಗಳಲ್ಲಿ ಬ್ಯಾಂಡಿನವರ ಜೊತೆ ನುಡಿಸುವುದು. ಹೆಂಡತಿ ಜೋಸ್ಲಿನ್ ತೀರಿಕೊಂಡ ಮೇಲೆ ಇದೇ ಅವರ ಬದುಕು. ನಮ್ಮ ಈ ಸಮುದ್ರದ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಹಳೆಯ ತಂತಿಯ ಜಿಡ್ಡು ಹೋಗಲಿಕ್ಕೆ ಅದನ್ನು ಬಿಚ್ಚಿ ನೀರಿನಲ್ಲಿ ಕುದಿಸಬೇಕಂತೆ. ಅದಕ್ಕೆ ನಮ್ಮ ಅಕ್ಕಿ ಬೇಯಿಸುವ ದೊಡ್ಡ ಪಾತ್ರೆಯೇ ಆಗಬೇಕಿತ್ತು.

"ಎಂತ ಪೊರ್ಬುಗಳೇ, ಇವತ್ತು ತಂತಿಯ ಸಾರಾ?" ಎಂದು ನಾನು ಕೇಳುವುದು.

"ಹೌದು ಮಾರಾಯ್ರೆ, ಉಪ್ಪು ಹಾಕಲಿಕ್ಕಿಲ್ಲ. ಊಟಕ್ಕೆ ಬನ್ನಿ" ಎಂದು ಅವರು ಹೇಳುವುದು.

ಮಳೆಗಾಲ ಬಂತೆಂದರೆ ಮರ ಉಬ್ಬಿ ಗಿಟಾರಿನ ಕುತ್ತಿಗೆ ಬಾಗುತ್ತದೆ. ಅದರೊಳಗೆ ಒಂದು ಕಬ್ಬಿಣದ ಸರಳು ಉಂಟಂತೆ, ಅದನ್ನು ಕೀಲಿಯಿಂದ ಚೂರೇ ಚೂರು ತಿರುಗಿಸುತ್ತಿದ್ದರು. ಒಂದು ದಿನ ತಿರುಗಿಸಿದರೆ ಎರಡು ದಿನ ಕಾಯುತ್ತಿದ್ದರು. ಡಬಲ್ ಬೇಸಿನ ಹೊಟ್ಟೆಯೊಳಗೆ ಒಂದು ಸಣ್ಣ ಕೋಲು ಅಂಟಿಲ್ಲದೆ, ಮೊಳೆಯಿಲ್ಲದೆ ಬರಿಯ ಒತ್ತಡದಲ್ಲಿ ನಿಂತಿರುತ್ತದೆ. ಅದು ನೂಲಿನಷ್ಟು ಸರಿದರೂ ಸ್ವರ ಕೆಡುತ್ತದೆ. ಸರಿ ಮಾಡಿದ ಮೇಲೆ ಗೋಡೆಯ ಮೇಲಿಂದ ತಲೆ ಎತ್ತಿ, "ಬೇಬಿಯಕ್ಕ, ಹೇಗುಂಟು?" ಎನ್ನುತ್ತಿದ್ದರು. ನನಗೆ ಸಂಗೀತ ಗೊತ್ತಿಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ, ಸ್ವರ ಎದೆಗೆ ಬರುತ್ತದಾ, ಕಿವಿಯಲ್ಲೇ ನಿಲ್ಲುತ್ತದಾ ಎಂದು ಹೇಳಲಿಕ್ಕೆ ಶಾಲೆ ಬೇಡ.

ಅವರು ಮಾರುವುದಕ್ಕೆ ಒಂದು ಕ್ರಮ ಇತ್ತು. ಮನೆಗೆ ಬಂದು ಮೀಟಿ ನೋಡಿದವರಿಗೆ ಕೊಡುತ್ತಿರಲಿಲ್ಲ. "ಕೋಣೆಯೊಳಗೆ ಎಲ್ಲ ಬೇಸೂ ಹುಲಿಯೇ" ಎನ್ನುವುದು. ಮುಂದಿನ ಮದುವೆಯಲ್ಲಿ ಆ ಬೇಸನ್ನು ತಾವೇ ನುಡಿಸುವರು. ಕೊಳ್ಳುವವರು ಅಲ್ಲಿಗೆ ಬರಬೇಕು, ಮದುವೆಯ ಹಾಲ್‌ನ ಹಿಂದುಗಡೆ ಕೈ ತೊಳೆಯುವಲ್ಲಿ ನಿಂತು ಕೇಳಬೇಕು. ಅಷ್ಟು ದೂರ, ಅಷ್ಟು ಗಲಾಟೆಯಲ್ಲಿ, ಬಟ್ಟಲಿನ ಸದ್ದು ಮಕ್ಕಳ ಕಿರುಚಾಟ ದಾಟಿಕೊಂಡು ಸ್ವರ ಬಂದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಊಟ ಮಾಡಿ ಹೋಗಿ. ಉಡುಪಿಯ ಅಂಗಡಿಗಳಲ್ಲಿ ಹೊಳೆಯುವ ಹೊಸ ಗಿಟಾರು ಎಷ್ಟು ಬೇಕಾದರೂ ಉಂಟು. ಆದರೂ ಜನ ಹುಡುಕಿಕೊಂಡು ಕಾಪುವಿಗೆ ಬರುತ್ತಿದ್ದದ್ದು ಈ ಮಾತಿಗಾಗಿ. ಪಾಸ್ಕಲ್ ಹೇಳಿದ್ದಾರೆ ಅಂದರೆ ಆಯಿತು.

ಬ್ಯಾಂಡು ಜೋಯ್‌ಸ್ಟನ್‌ನದ್ದು. ಅವನ ಅಪ್ಪ ಪೊರ್ಬುಗಳ ಜೊತೆಯಲ್ಲೇ ನುಡಿಸುತ್ತಿದ್ದವರು, ಈಗ ಇಲ್ಲ. ಅವನಿಗೆ ತಾಳ ಹೇಳಿಕೊಟ್ಟದ್ದು ಇವರೇ. ಈಗ ಅವನಿಗೂ ನಲವತ್ತು ದಾಟಿದೆ, ಕೀಬೋರ್ಡು ನುಡಿಸುತ್ತಾನೆ. ಎರಡು ವರ್ಷದ ಹಿಂದೆ ಹೊಸ ಕೀಬೋರ್ಡು ತಂದಮೇಲೆ, "ಅಂಕಲ್, ಸ್ಪೀಕರು ಗೀಕರು ನಾವು ಪರೀಕ್ಷೆ ಮಾಡುತ್ತೇವೆ. ನೀವು ಕೂತುಕೊಂಡು ಚಾ ಕುಡಿಯಿರಿ" ಎನ್ನುತ್ತಿದ್ದ. ಹಿರಿಯರೆಂದು ಎಷ್ಟು ಮರ್ಯಾದೆ ಎಂದು ಪೊರ್ಬುಗಳು ನನ್ನ ಹತ್ತಿರ ಹೇಳಿ ಸಂತೋಷಪಟ್ಟಿದ್ದರು.

ಈ ವರ್ಷ ಜನವರಿಯಲ್ಲಿ ಮಣಿಪಾಲದಿಂದ ಮೆಲಿಷಾ ಎಂಬ ಹುಡುಗಿ ಬಂದಳು. ಅಲ್ಲಿ ಯಾವುದೋ ಲ್ಯಾಬಿನಲ್ಲಿ ಕೆಲಸ, ಬೇಸ್ ಕಲಿಯುವ ಆಸೆ. ಕ್ರಮದಂತೆ ಒಂದು ಮದುವೆಗೆ ಹೋಗಿ, ಕೈ ತೊಳೆಯುವಲ್ಲಿ ನಿಂತು ಕೇಳಿ, ಒಪ್ಪಿ ತೆಗೆದುಕೊಂಡು ಹೋದಳು. ಮೂರು ವಾರದಲ್ಲಿ ವಾಪಸು ಬಂದಳು.

"ಅಂಕಲ್, ಬೇಸರ ಮಾಡಬೇಡಿ. ಅಲ್ಲಿ ಕೇಳಿದ ಸ್ವರ ಇದರಲ್ಲಿ ಇಲ್ಲ."

"ಅದೇ ಬೇಸ್, ಮಗಾ. ನಾನೇ ನುಡಿಸಿದ್ದು."

"ಗೊತ್ತುಂಟು. ನನ್ನ ಕಿವಿಯದ್ದೇ ತಪ್ಪಿರಬಹುದು."

ತಪ್ಪು ಕಿವಿಯದ್ದು ಎಂದು ಅವಳು ಹೇಳಿದ್ದೇ ಪೊರ್ಬುಗಳಿಗೆ ಚುಚ್ಚಿತು. ಈಸ್ಟರಿಗೆ ಮೊದಲಿನ ನಲವತ್ತು ದಿನ ಅವರಲ್ಲಿ ಮದುವೆ ಇಲ್ಲ. ಆ ನಲವತ್ತು ದಿನವೂ ಅವರು ಆ ಬೇಸಿನ ಮೇಲೆ ಕುಳಿತರು. ತಂತಿ ಕುದಿಸಿದರು. ಆಮೇಲೆ ಹೊಸ ತಂತಿಯನ್ನೇ ಹಾಕಿದರು. ಒಳಗಿನ ವಯರು ಕಿತ್ತು ಬೇರೆ ಬೆಸೆದರು. ಒಮ್ಮೆ ಕೊಟ್ಟು ಕಳುಹಿಸಿದರು, ಅವಳು ಪುನಃ ತಂದಳು. ಗೋಡೆಯ ಮೇಲಿಂದ, "ಬೇಬಿಯಕ್ಕ, ಹೇಗುಂಟು?" ಎಂದು ದಿನಕ್ಕೆ ನಾಲ್ಕು ಸಲ. ನನಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ.

"ಹಾಗಾದರೆ ಅವಳು ಕೇಳಿದ್ದು ಎಂತ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು.

ಈಸ್ಟರು ಕಳೆದ ಮೇಲೆ ಕಾರ್ಕಳದಲ್ಲಿ ಒಂದು ಮದುವೆ. ಪೊರ್ಬುಗಳ ಹತ್ತಿರದ ಸಂಬಂಧ, ನನಗೂ ಕರೆ ಇತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಂಡು. ವೀಡಿಯೋದಲ್ಲಿ ಚಂದ ಕಾಣುತ್ತದೆಂದು ಜೋಯ್‌ಸ್ಟನ್ ಹೇಳಿ ಡಬಲ್ ಬೇಸನ್ನೇ ತರಿಸಿದ್ದ. ನಾನು ದೊಡ್ಡ ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿದ್ದೆ. ವೇದಿಕೆಗೆ ನುಣುಪು ಟೈಲ್ಸು. ಡಬಲ್ ಬೇಸಿನ ಕೆಳಗಿನ ಮೊನೆ ಜಾರತೊಡಗಿತು. ಪೊರ್ಬುಗಳು ಹಾಡಿನ ನಡುವೆಯೇ ಬಗ್ಗಿ, ಎರಡೂ ಕೈಯಿಂದ ಮೊನೆಯ ಅಡಿಗೆ ಒಂದು ತುಂಡು ರಬ್ಬರು ಇಟ್ಟರು.

ಬೇಸಿನ ಸ್ವರ ನಿಲ್ಲಲಿಲ್ಲ. ಸ್ಪೀಕರಿನಿಂದ ಅದು ಹಾಗೆಯೇ, ಒಂದು ಪೆಟ್ಟೂ ತಪ್ಪದೆ ಬರುತ್ತಲೇ ಇತ್ತು.

ಅವರು ಎದ್ದು ನಿಂತು ಪುನಃ ತಬ್ಬಿಕೊಂಡು ನುಡಿಸತೊಡಗಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಅದು ಅವರ ಕೈಯ ಸ್ವರ ಅಲ್ಲವೇ ಅಲ್ಲ. ಅವರು ಪೆಟ್ಟಿಗಿಂತ ಒಂದು ಉಸಿರು ತಡೆದು ಮೀಟುವವರು.

ಜೋಯ್‌ಸ್ಟನ್ ನನ್ನ ಮುಖ ನೋಡಿದ್ದಿರಬೇಕು. ಹಾಡು ಮುಗಿದದ್ದೇ ಒಂದು ತಟ್ಟೆಯಲ್ಲಿ ಸಣ್ಣ ಎಂಬ ಅವರ ಕಡೆಯ ಇಡ್ಲಿ, ಕೋಳಿಸಾರು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತ.

"ಬೇಬಿಯಕ್ಕ, ನೀವು ಎಂತದೂ ಹೇಳಬೇಡಿ ಆಯಿತಾ. ಅಂಕಲಿನ ಹಿಂದೆ ಅವರ ಸಣ್ಣ ಸ್ಪೀಕರು ಉಂಟಲ್ಲ, ಅವರಿಗೆ ಅವರದ್ದು ಕೇಳಿಸುತ್ತದೆ. ಸಭೆಗೆ ಹೋಗುವುದು ನನ್ನ ಕೀಬೋರ್ಡು ತಾನೇ ನುಡಿಸುವ ಬೇಸ್. ಬೆರಳು ಮೊದಲಿನ ಹಾಗೆ ಓಡುವುದಿಲ್ಲ, ಅಲ್ವಾ? ಬಿಡಿ ಎಂದರೆ ಅವರು ಬದುಕುತ್ತಾರಾ?"

ನಾನು ತಟ್ಟೆ ತೆಗೆದುಕೊಂಡೆ.

ಮನೆಗೆ ಬಂದ ಮೇಲೆ ಎರಡು ಸಲ ಗೋಡೆಯ ತನಕ ಹೋದೆ. ಅವರು ಮೆಲಿಷಾಳ ಬೇಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಆ ಹುಡುಗಿಯ ಕಿವಿ ಸರಿಯೇ ಉಂಟು ಎಂದು ಒಂದು ಮಾತು ಹೇಳಿದ್ದರೆ ಅವರ ಆ ಹುಡುಕಾಟ ಅಲ್ಲಿಗೆ ಮುಗಿಯುತ್ತಿತ್ತು. ಮದುವೆಯ ದಿನ ಬೆಳಿಗ್ಗೆ ಅವರು ಬಿಳಿ ಅಂಗಿಗೆ ಇಸ್ತ್ರಿ ಹಾಕುವುದನ್ನು ನೆನೆಸಿಕೊಂಡೆ. "ಬೆಲ್ಲ ಉಂಟಾ?" ಎಂದು ಕೇಳಿ ವಾಪಸು ಬಂದೆ.

ಅವರಿಗೆ ಗೊತ್ತಾದದ್ದು ಮೇ ತಿಂಗಳಲ್ಲಿ, ಹೆಜಮಾಡಿಯ ಮದುವೆಯಲ್ಲಿ. ಇದನ್ನು ಅವರೇ ನನಗೆ ಹೇಳಿದ್ದು. ಮೆಲಿಷಾ ಕೇಳಿದ್ದನ್ನು ತಾನೂ ಅದೇ ಜಾಗದಲ್ಲಿ ನಿಂತು ಕೇಳಬೇಕೆಂದು, ಅದೇ ಬೇಸಿಗೆ ಒಂದು ಉದ್ದದ ವಯರು ಸಿಕ್ಕಿಸಿಕೊಂಡರಂತೆ. ಮದುಮಕ್ಕಳು ಇನ್ನೂ ಬಂದಿರಲಿಲ್ಲ. ಕುರ್ಚಿಗಳ ನಡುವೆ ವಯರು ಎಳೆದುಕೊಂಡು ಕೈ ತೊಳೆಯುವಲ್ಲಿಗೆ ಹೋಗಿ ಮೀಟಿದರಂತೆ. ದೊಡ್ಡ ಸ್ಪೀಕರಿನಲ್ಲಿ ಏನೂ ಇಲ್ಲ. ದೂರದ ವೇದಿಕೆಯಲ್ಲಿ ತಮ್ಮ ಸಣ್ಣ ಪೆಟ್ಟಿಗೆ ಮಾತ್ರ ನೊಣದ ಹಾಗೆ ಗುಂಯ್ ಎಂದಿತು. ವಯರು ಸಡಿಲ ಇರಬೇಕೆಂದು ಅದನ್ನು ಒತ್ತುತ್ತಿರುವಾಗ, ಇವರು ಅಲ್ಲಿರುವುದನ್ನು ಗಮನಿಸದ ಜೋಯ್‌ಸ್ಟನ್ ಹಾಡು ಶುರು ಮಾಡಿದ. ಇವರ ಕೈ ತಂತಿಯ ಮೇಲೆ ಇರಲಿಲ್ಲ. ಬೇಸ್ ಬಂತು. ತುಂಬಿಕೊಂಡು, ಬಟ್ಟಲಿನ ಸದ್ದನ್ನೆಲ್ಲ ದಾಟಿಕೊಂಡು ಬಂತು.

"ಎಷ್ಟು ದಿನದಿಂದ?" ಎಂದು ಕೇಳಿದರಂತೆ.

"ಎರಡು ವರ್ಷ ಆಯಿತು ಅಂಕಲ್. ನಿಮಗೆ ಬೇಸರ ಆಗಬಾರದೆಂದು..."

"ನನ್ನ ಬೆರಳು ಓಡುವುದಿಲ್ಲ ಅಂತ ಹೇಳಿದ್ದರೆ ಮನೆಯಲ್ಲಿ ಕೂರುತ್ತಿದ್ದೆ ಮಾರಾಯ. ಈ ಎರಡು ವರ್ಷದಲ್ಲಿ ನಾನು ಜನರಿಗೆ ಐದು ಬೇಸ್ ಮಾರಿದ್ದೇನೆ. ಇಲ್ಲಿ ನಿಂತು ಕೇಳಿ, ಇದೇ ಇದರ ಸ್ವರ ಅಂತ ಹೇಳಿ ಮಾರಿದ್ದೇನೆ. ನನ್ನ ಬಾಯಿಯಿಂದ ಐದು ಸಲ ಸುಳ್ಳು ಹೇಳಿಸಿದೆಯಲ್ಲ!"

ಆ ದಿನ ನುಡಿಸದೆ, ಊಟವೂ ಮಾಡದೆ ಬಂದರು. ಮರುದಿನದಿಂದ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೊರಟರು. ಮೊದಲು ಮಣಿಪಾಲಕ್ಕೆ. "ನಿಮ್ಮ ಕಿವಿ ಸರಿ ಉಂಟು, ನನ್ನ ಮಾತೇ ತಪ್ಪಾದದ್ದು" ಎಂದು ಮೆಲಿಷಾಳಿಗೆ ಹೇಳಿ ಬಂದರು. ಅವಳು ಕಣ್ಣೀರು ಹಾಕಿದಳಂತೆ, ಬೇಸ್ ಮಾತ್ರ ಇಟ್ಟುಕೊಳ್ಳಲಿಲ್ಲ. ಕಡಿಯಾಳಿಯಲ್ಲಿ ಕೊಂಡವರು ತಮ್ಮದನ್ನು ಯಾವಾಗಲೋ ಬೇರೆಯವರಿಗೆ ದಾಟಿಸಿಯಾಗಿತ್ತು. ಇನ್ನಿಬ್ಬರು ಇರಲಿ ಬಿಡಿ ಎಂದರು. ಉಳಿದದ್ದು ಬಜಗೋಳಿಯ ಕ್ಲಾಯ್ಡ್. ಅವನೂ ಬ್ಯಾಂಡಿನಲ್ಲಿ ನುಡಿಸುವವನು.

"ನೀವೂ ಬನ್ನಿ ಬೇಬಿಯಕ್ಕ" ಎಂದರು. "ಒಂದೇ ಮಾತನ್ನು ನಾಲ್ಕು ಮನೆಯಲ್ಲಿ ಹೇಳಿ ಸಾಕಾಗಿದೆ. ನನಗೆ ಮಾತು ಹೊರಡದಿದ್ದರೆ ನೀವು ಹೇಳಿ. ನನ್ನ ಕೈಯ ಸ್ವರ ನಿಮ್ಮಷ್ಟು ಕೇಳಿದವರು ಯಾರಿದ್ದಾರೆ?"

ಆಗಲಾದರೂ ಹೇಳಬಹುದಿತ್ತು. ಸೀರೆ ಬದಲಾಯಿಸಿ ಹೊರಟೆ.

ಕ್ಲಾಯ್ಡ್ ಒಳ್ಳೆಯ ಹುಡುಗನೇ. ಕುರ್ಚಿ ಹಾಕಿದ, ಪುನರ್ಪುಳಿಯ ಶರಬತ್ತು ಕೊಟ್ಟ. ಪೊರ್ಬುಗಳು ಲೋಟ ಮುಟ್ಟದೆ, ನಿಂತುಕೊಂಡೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಕೇಳಿ ನಕ್ಕುಬಿಟ್ಟ.

"ಅಂಕಲ್, ಇದನ್ನು ಹೇಳಲಿಕ್ಕೆ ಅಷ್ಟು ದೂರದಿಂದ ಬಂದಿರಾ? ನನಗೆ ಕೊಳ್ಳುವಾಗಲೇ ಗೊತ್ತಿತ್ತು. ಎಲ್ಲ ಬ್ಯಾಂಡಿನವರಿಗೂ ಗೊತ್ತುಂಟು."

"ಗೊತ್ತಿದ್ದೂ ಆ ದಿನ ಕೈ ತೊಳೆಯುವಲ್ಲಿ ನಿಂತು ಕೇಳಿದೆಯಾ?"

"ನೀವು ನಿಲ್ಲಲಿಕ್ಕೆ ಹೇಳಿದಿರಿ, ನಿಂತೆ. ನಿಮ್ಮ ರಿಪೇರಿ ಒಳ್ಳೆಯದುಂಟು, ಅದಕ್ಕೆ ತೆಗೆದುಕೊಂಡದ್ದು." ಆಮೇಲೆ ನನ್ನ ಕಡೆ ತಿರುಗಿದ. "ಬೀಡಿ ಕಟ್ಟುವ ಬೇಬಿಯಕ್ಕ ನೀವೇ ಅಲ್ವಾ? ಕಾರ್ಕಳದ ಮದುವೆಯಲ್ಲಿ ಕಂಡುಹಿಡಿದದ್ದು? ಜೋಯ್‌ಸ್ಟನ್ ಹೇಳಿ ನಗಾಡುತ್ತಿದ್ದ. ನಮ್ಮ ಬ್ಯಾಂಡಿನಲ್ಲಿ ಕಿವಿ ಇರುವುದು ಆ ಅಜ್ಜಿಗೆ ಮಾತ್ರ ಮಾರಾಯ ಅಂತ."

ಪೊರ್ಬುಗಳು ನನ್ನನ್ನು ನೋಡಲಿಲ್ಲ. "ಆ ಬೇಸ್ ತಾ" ಎಂದರು. ಕ್ಲಾಯ್ಡ್ ತಂದ. ಜಗಲಿಯ ಅಂಚಿನಲ್ಲಿ ಕುಳಿತು, ವಯರಿಲ್ಲದೆ, ನಾಲ್ಕು ತಂತಿಯನ್ನೂ ಒಂದೊಂದಾಗಿ ಮೀಟಿದರು. ಮೂರನೆಯದನ್ನು ಸ್ವಲ್ಪ ಬಿಗಿದರು. "ಮಳೆಗಾಲದಲ್ಲಿ ಕುತ್ತಿಗೆ ನೋಡಿಕೋ. ನಾನು ಇನ್ನು ಮಾರುವುದಿಲ್ಲ, ರಿಪೇರಿಯೂ ಇಲ್ಲ" ಎಂದು ಅವನ ಕೈಗೆ ಕೊಟ್ಟು ಇಳಿದರು.

ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದೆವು. ಅಲ್ಲಿ ಪಡುಬಿದ್ರಿಯ ಬಸ್ಸಿಗೆ ಕಾಯುತ್ತಿರುವಾಗ ಕೇಳಿದರು, "ಎಷ್ಟು ದಿನ ಆಗಿತ್ತು?"

"ಒಂದು ತಿಂಗಳು" ಎಂದೆ. "ನಿಮಗೆ ಬೇಸರ ಆಗಬಾರದೆಂದು..."

"ಹೂಂ. ಅವನೂ ಅದನ್ನೇ ಹೇಳಿದ."

ಪಡುಬಿದ್ರಿಯಲ್ಲಿ ಇಳಿದಾಗ ನನ್ನ ಚೀಲವನ್ನು ಅವರೇ ಎತ್ತಿಕೊಂಡರು. ಕಾಪುವಿನ ಕಡೆಯ ಬಸ್ಸು ಬಂತು. ಖಾಲಿಯೇ ಇತ್ತು. ನನ್ನನ್ನು ಹತ್ತಿಸಿ, ಚೀಲವನ್ನು ಕಾಲ ಬಳಿ ಇಟ್ಟು, ಕಂಡಕ್ಟರನಿಗೆ ನಾನು ಇಳಿಯುವ ಜಾಗ ಹೇಳಿದರು.

"ಹತ್ತಿ ಪೊರ್ಬುಗಳೇ, ಜಾಗ ಉಂಟು" ಎಂದೆ.

"ನೀವು ಹೋಗಿ. ನಾನು ಮುಂದಿನದರಲ್ಲಿ ಬರುತ್ತೇನೆ" ಎಂದರು.