ಅಪ್ಪನಿಗೆ ಹಿಡಿಸಿದ ಸಂಖ್ಯಾಶಾಸ್ತ್ರ

ನಮ್ಮ ವಿಭಾಗದಲ್ಲಿ ಗಣಿತದವರೂ ಸಂಖ್ಯಾಶಾಸ್ತ್ರದವರೂ ಒಂದೇ ಕೋಣೆಯಲ್ಲಿ ಕೂಡುತ್ತೇವೆ. ನಾನು ಗಣಿತದವನು. ನನ್ನ ಸಂಶೋಧನೆಗೆ ಚುಕ್ಕೆ, ಗೆರೆ ಬಿಟ್ಟರೆ ಬೇರೇನೂ ಬೇಕಿಲ್ಲ. ಅದಕ್ಕೋ ಏನೋ, ಮಹಾರಾಷ್ಟ್ರದ ಗಡಿಯೂರು ದಾಳಿಂಬದ ನಮ್ಮ ಮನೆಯಲ್ಲಿ ಅದೇನೆಂದು ಕೇಳಿದವರಿಲ್ಲ. ಅಪ್ಪನಂತೂ, ಮಗ ಉದಗೀರದಲ್ಲಿ ಪ್ರೊಫೆಸರ್ ಇದ್ದಾನೆ ಅಂದು ಮಾತು ಮುಗಿಸುತ್ತಿದ್ದ.

ಎದುರು ಮೇಜಿನ ಸಂಖ್ಯಾಶಾಸ್ತ್ರದ ಮೇಡಂ ನಿಲಂಗಾದವರು. ಹೋದ ಸುಗ್ಗಿಗೆ ತೊಗರಿಯ ಇಳುವರಿ ಅಂದಾಜು ಮಾಡುವ ಕೆಲಸ ಹಿಡಿದಿದ್ದರು. ನಿಮ್ಮೂರ ಹೊಲ ತೋರಿಸಿ ಎಂದರು, ಕರೆದುಕೊಂಡು ಹೋದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಹೊಲದ ಯಾವ ತುಂಡು ಕೊಯ್ದು ತೂಗಬೇಕೆಂದು ಅವರ ಪದ್ಧತಿಯಲ್ಲಿ ಮನುಷ್ಯ ಆರಿಸುವಂತಿಲ್ಲ. ಲಾಟರಿಯಂತೆ ಎತ್ತಿದ ಅಂಕಿ ಹೇಳಿದಲ್ಲೇ ಗೂಟ ಬಡಿಯಬೇಕು. ಅಂಕಿ ಹೋಗಿ ಬೆಳೆ ಸರಿಯಾಗಿ ಬಾರದ ನಮ್ಮ ಸವಳು ಮೂಲೆಗೆ ಬಿತ್ತು. ಅಪ್ಪನ ಮುಖ ಸಣ್ಣದಾಯಿತು. ಬಾವಿ ಕಡೆ ಬೆಳೆ ಚಲೋ ಬಂದದ, ಗೂಟ ಅಲ್ಲಿ ಹೊಡೀರಿ ಅಂತ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದ. ಮೇಡಂ ನಕ್ಕರು, ಗೂಟ ಕೀಳಲಿಲ್ಲ.

ಅಪ್ಪ ಸಿಟ್ಟಾಗುತ್ತಾನೆಂದು ಕಾದೆ. ಕಾದೆನೇನು, ಆಸೆಯೇ ಪಟ್ಟೆ. ಆದರೆ ಆವತ್ತಿನಿಂದ ಅಪ್ಪ ಅವರ ಶಿಷ್ಯ. ಈ ಹುಡುಗಿ ಬಾಯಿಮಾತಿಗೆ ಬಗ್ಗುವವಳಲ್ಲ ಎಂದು ಪಕ್ಕದೂರು ತುರೋರಿಯ ಚಹಾದಂಗಡಿ ತನಕ ಸುದ್ದಿ. ಅವರ ಸೆಮಿನಾರಿಗೆ ವಿಭೂತಿ ಹಚ್ಚಿಕೊಂಡು, ಮಡಿಚಿಟ್ಟ ಧೋತರ ಉಟ್ಟು, ಬಸ್ಸು ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂತ. ಅದೇ ಹಾಲಿನಲ್ಲಿ ನಾನೂ ಪ್ರತಿ ವರ್ಷ ಮಾತಾಡುತ್ತೇನೆ. ಪರದೆಯ ಮೇಲೆ ನಮ್ಮ ಸವಳು ಮೂಲೆ ಬಂದಾಗ ಪಕ್ಕದವರನ್ನು ಮೊಣಕೈಯಿಂದ ತಿವಿದ, ಅದು ನಮ್ಮದೆಂದು.

ಮುಂದಿನ ರವಿವಾರ ಊಟವಾದ ಮೇಲೆ ತಡೆಯಲಾಗಲಿಲ್ಲ. ನನ್ನದೇನು ಅಂತ ಒಮ್ಮೆಯೂ ಕೇಳಲಿಲ್ಲವಲ್ಲ ಎಂದೆ.

"ಆಕಿದು ಹೊಲದಾಗ ಕಾಣಸ್ತದಪ್ಪಾ. ನಿಂದು ನೋಡಬೇಕಂದ್ರ ನಾ ಎಲ್ಲಿ ನಿಂದರಬೇಕು?"

ಇಲ್ಲೇ ನಿಲ್ಲು ಎಂದು ಅಂಗಳದಲ್ಲಿ ಕಡ್ಡಿಯಿಂದ ನಮ್ಮ ಹೊಲ ಬರೆದೆ: ಸುತ್ತ ಬದು, ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು, ಒಟ್ಟು ನಾಲ್ಕು ಪಾಲು. ಯಾವ ಬದುವನ್ನೂ ಎರಡು ಸಲ ತುಳಿಯದೆ ಎಲ್ಲ ಬದು ನಡೆದು ಬಾ ನೋಡೋಣ ಎಂದೆ. ಅಪ್ಪ ಗೆರೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಚಪ್ಪಲಿ ಮೆಟ್ಟಿ ಹೊಲಕ್ಕೇ ಹೋದ. ಹೊತ್ತು ಇಳಿದ ಮೇಲೆ ಬಂದು, ಆಗಂಗಿಲ್ಲ ಅಂದ.

ಯಾಕೆ ಆಗುವುದಿಲ್ಲವೆಂದು ತೋರಿಸಿದೆ. ಮೂರು ಬದು ಕೂಡುವ ಜಾಗಕ್ಕೆ ಒಂದರಿಂದ ಬಂದು ಇನ್ನೊಂದರಿಂದ ಹೋದರೆ ಮೂರನೆಯದು ಒಂಟಿಯಾಗಿ ಉಳಿಯುತ್ತದೆ. ಹಾಗಾಗಿ ಅಂಥ ಜಾಗ ನಡಿಗೆಯ ಮೊದಲಾಗಬೇಕು, ಇಲ್ಲವೇ ಕೊನೆಯಾಗಬೇಕು. ನಮ್ಮ ಹೊಲದಲ್ಲಿ ಅಂಥವು ನಾಲ್ಕು. ನಡಿಗೆಗೆ ತುದಿ ಎರಡೇ.

ಅಪ್ಪ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅಂಗಳ ಗುಡಿಸಲು ಬಂದ ಅವ್ವನಿಗೆ ಗೆರೆ ಅಳಿಸಬೇಡ, ಆ ಕಡೆಯಿಂದ ಹೋಗು ಎಂದ. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಮೊಬೈಲ್ ತೆಗೆದು ಗೆರೆಗಳ ಫೋಟೋ ಹೊಡೆದು ಕಳಿಸಿದ. ಯಾರಿಗೆ ಎಂದು ಕೇಳಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಓದಿ, ಮೊಬೈಲ್ ಕಿಸೆಗಿಟ್ಟು ನನ್ನ ಬೆನ್ನು ತಟ್ಟಿದ.

"ಮೇಡಂ ಬರೋಬರಿ ಅದ ಅಂದಾರ. ನಿಂದೂ ಖರೇನ ಅದ ನೋಡು."