ಛತ್ರಿಗೆ ಹಾಕಿದ ಬೆಣೆ

ಸಂಪಗಾಂವದ ವೀರಪ್ಪ ಬಡಿಗೇರನನ್ನು ಯಾರಾದರೂ ಕೆಲಸಕ್ಕೆಂದು ಕರೆದು ಆರು ವರ್ಷವಾಗಿತ್ತು. ಮದುವೆಗೆ ಕರೆಯುತ್ತಿದ್ದರು, ಸೀಮಂತಕ್ಕೆ ಕರೆಯುತ್ತಿದ್ದರು, ಅಣ್ಣತಮ್ಮಂದಿರ ಜಗಳ ಬಿಡಿಸಲು ನಾಲ್ಕು ಹಿರಿಯರು ಬೇಕಾದಾಗ ಕಟ್ಟೆಯ ಮೇಲೊಂದು ಜಾಗವನ್ನೂ ಕೊಡುತ್ತಿದ್ದರು. ಬಾಚಿ ಹಿಡಿದುಕೊಂಡು ಬಾ ಎನ್ನುವವರು ಮಾತ್ರ ಇರಲಿಲ್ಲ. ಟ್ರ್ಯಾಕ್ಟರಿನ ಕೂರಿಗೆ ಕಬ್ಬಿಣದ್ದು. ಅದಕ್ಕೆ ಬೇಕಾದವನು ವೆಲ್ಡಿಂಗಿನವ. ಬೈಲಹೊಂಗಲದ ಅಂಗಡಿಯಲ್ಲಿ ಗುದ್ದಲಿ ಕೂಡ ಮರದ ಕಾವಿನ ಸಮೇತ ಸಿಗುತ್ತದೆ. ಆ ಕಾವು ನಾಲ್ಕು ಸಲ ಎತ್ತಿ ಹೊಡೆದರೆ ಕಳಚಿ ಬೀಳುತ್ತದೆ, ಅದು ಬೇರೆ ಮಾತು.

ಆದರೂ ವಾರಕ್ಕೊಮ್ಮೆ ಅವನು ಉಳಿ ಬಾಚಿಗಳನ್ನು ಹೊರಗೆ ತೆಗೆದು ಕಲ್ಲಿಗೆ ಮಸೆಯುತ್ತಿದ್ದ. "ಯಾರ ಗಡ್ಡಾ ಬೋಳಸಾಕ ಹೊಂಟೀರಿ?" ಎಂದು ಹೆಂಡತಿ ಸುಂದರವ್ವ ಕೇಳುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎಪ್ಪತ್ತರ ಹತ್ತಿರ ಬಂದ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಬೇರೆ ಯಾರ ಕೈಯಲ್ಲೂ ಆಗುವುದಿಲ್ಲ, ನೀನೇ ಬರಬೇಕು ಎಂದು ಯಾರಾದರೂ ಒಮ್ಮೆ ಬಾಗಿಲಿಗೆ ಬರಬೇಕು. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಸುಂದರವ್ವನಿಗೆ ಹೇಳದೆಯೂ ಗೊತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಹಾಗೆ ಒಬ್ಬಳು ಬಂದಳು. ಹೆಸರು ರೇಣು, ಸವದತ್ತಿಯ ಹುಡುಗಿ. ಊರ ಹೊರಗೆ ಮಹಾಂತಪ್ಪ ಸಾವಕಾರರು ತಮ್ಮ ಹೊಲದಲ್ಲಿ ಕಟ್ಟಿಸಿದ ರೆಸಾರ್ಟಿಗೆ ಅವಳೇ ಮ್ಯಾನೇಜರು. ಕಿತ್ತೂರಿನ ಕೋಟೆ ನೋಡಿ ಬಂದವರು, ನವಿಲುತೀರ್ಥದ ಕಡೆ ಹೊರಟವರು ಅಲ್ಲಿ ಒಂದು ದಿನ ತಂಗಿ ಈಜುಗೊಳದಲ್ಲಿ ಬಿದ್ದು ಎದ್ದು ಹೋಗುತ್ತಿದ್ದರು.

"ಕಾಕಾರ, ಒಂದು ಛತ್ರಿ ನಿಂದರಸಬೇಕಾಗೇತ್ರಿ," ಎಂದಳು.

"ಛತ್ರಿ ರಿಪೇರಿ ನಮ್ಮ ಕಸುಬಲ್ಲ ತಂಗಿ."

"ಕೈಯಾಗ ಹಿಡಿಯೂ ಛತ್ರಿ ಅಲ್ರಿ, ನೆಲದಾಗ ನಿಂದರಸೂದು. ಎಲ್ಲಾರೂ ಮಾಡಿ ಸೋತಾರ. ನೀವ ಬಂದು ನೋಡಬೇಕ್ರಿ."

ಕಡೆಯ ಮಾತು ಕೇಳಿದ ಮೇಲೆ ವೀರಪ್ಪ ಚಹಾ ಕುಡಿಯಲೂ ನಿಲ್ಲಲಿಲ್ಲ. ಸಾಮಾನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವಳ ಸ್ಕೂಟಿಯ ಹಿಂದೆ ಕೂತ. ಸುಂದರವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಈಜುಗೊಳದ ದಡಕ್ಕೆ ಹಾಸಿದ ಕಲ್ಲಿನಲ್ಲಿ ಒಂದು ತೂತು, ತೂತಿನೊಳಗೆ ಹೂತ ಪ್ಲಾಸ್ಟಿಕ್ ಪೈಪು. ಛತ್ರಿಯ ಕೋಲು ಆ ಪೈಪಿನಲ್ಲಿ ನಿಲ್ಲಬೇಕು. ಹಳೆಯ ಛತ್ರಿ ಹರಿದದ್ದರಿಂದ ಹೊಸದು ತರಿಸಿದ್ದರು. ಅದರ ಕೋಲು ಪೈಪಿಗಿಂತ ಒಂದು ಬೆರಳಿನಷ್ಟು ಸಣ್ಣ. ಹೀಗಾಗಿ ಹಬ್ಬದ ಮಂಟಪದಷ್ಟು ಅಗಲದ ಆ ಛತ್ರಿ ಪೈಪಿನಲ್ಲಿ ಕುಡುಕನ ಹಾಗೆ ತೂರಾಡುತ್ತಿತ್ತು. ಪೇಪರು ತುರುಕಿದ್ದರು, ಅರಿವೆ ಸುತ್ತಿದ್ದರು. ಹಿಂದಿನ ಭಾನುವಾರ ಗಾಳಿಗೆ ಅದು ಉರುಳಿ, ಕುರ್ಚಿಯಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳ ಭುಜ ಸವರಿಕೊಂಡು ನೀರಿಗೆ ಬಿದ್ದಿತ್ತು.

"ಸಾವಕಾರ್ರು ಬೆಳಗಾವಿಯಿಂದ ಮಂದಿ ಕರಸ್ತೇನಿ ಅಂದ್ರು. ನಾನ ಈ ಊರಾಗ ಬಡಿಗ್ಯಾರು ಅದಾರ ಅಂತ ಹಟಾ ಹಿಡದೇನಿ," ಎಂದಳು ರೇಣು.

ವೀರಪ್ಪನಿಗೆ ನಗು ಬಂತು. ಇದೇನು ಮಹಾ ಕೆಲಸ! ಒಣಗಿದ ಜಾಲಿಯ ತುಂಡಿನಿಂದ ನಾಲ್ಕು ಬೆಣೆ ಕೆತ್ತಿದ, ಕೋಲಿನ ನಾಲ್ಕೂ ಕಡೆ ಇಳಿಸಿ ಕೊಡತಿಯಿಂದ ಬಡಿದ. ಗುದ್ದಲಿಗೆ ಕಾವು ಕೂರಿಸಿದ ಮೇಲೆ ಮಾಡುವಂತೆ ಒಂದು ತಂಬಿಗೆ ನೀರನ್ನೂ ಹೊಯ್ದ. ಒಣ ಜಾಲಿ ನೀರು ಕುಡಿದು ಉಬ್ಬಿತೆಂದರೆ ಆನೆ ಜಗ್ಗಿದರೂ ಬಿಡುವುದಿಲ್ಲ. ಅವನ ಅಪ್ಪ ಹೀಗೆಯೇ ಕೂರಿಸುತ್ತಿದ್ದ, ಅಜ್ಜನೂ ಹೀಗೆಯೇ. ಮರುದಿನ ಛತ್ರಿ ನೆಲದಲ್ಲೇ ಹುಟ್ಟಿ ಬೆಳೆದಂತೆ ನಿಂತಿತ್ತು ಎಂದು ರೇಣು ಫೋನು ಮಾಡಿದಳು. ವೀರಪ್ಪನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮೂರನೆಯ ದಿನ ಮತ್ತೆ ಫೋನು ಬಂತು. ದನಿ ಬೇರೆಯಾಗಿತ್ತು.

ಜೋರು ಗಾಳಿ ಎದ್ದಾಗ ಛತ್ರಿಯನ್ನು ಮಡಿಚಿ, ಕೋಲು ಕಿತ್ತು ಒಳಗಿಡಬೇಕು. ಅದು ಅಲ್ಲಿಯ ಪದ್ಧತಿ. ಮೂವರು ಜಗ್ಗಿದರೂ ಕೋಲು ಅಲುಗಲಿಲ್ಲ. ಉಬ್ಬಿದ ಜಾಲಿ ಪೈಪಿನ ಬಾಯನ್ನೇ ಸೀಳಿತ್ತು. ನಿಂತಲ್ಲೇ ಗಾಳಿಗೆ ಸಿಕ್ಕ ಛತ್ರಿಯ ಎರಡು ಕಡ್ಡಿ ಬಾಗಿದ್ದವು. ವೀರಪ್ಪ ಹೋದಾಗ ಮಹಾಂತಪ್ಪ ಸಾವಕಾರರೇ ಅಲ್ಲಿ ನಿಂತಿದ್ದರು.

"ಏನಪಾ ವೀರಪ್ಪಾ, ಜಲ್ಮಕ್ಕ ಕಿತ್ತ ಬರದಂಗ ಬಡದೀಯಲ್ಲೋ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೈಪು ಹಗುರದ್ದು ಅನ್ನಬಹುದಿತ್ತು, ಕೀಳಬೇಕೆಂದು ನೀವು ಹೇಳಲಿಲ್ಲ ಅನ್ನಬಹುದಿತ್ತು. ವೀರಪ್ಪ ಆ ದಾರಿ ಹಿಡಿಯದೆ ಬಾಗಿ ಸೀಳಿದ ಪೈಪಿನ ಬಾಯನ್ನು ಸವರಿದ. ಐವತ್ತು ವರ್ಷ ಕೈ ಹಿಡಿದ ಕಸುಬು ಒಂದು ಛತ್ರಿಯ ಮುಂದೆ ಮುಖಭಂಗ ಮಾಡಿತಲ್ಲ ಎಂದು ಕಣ್ಣು ತುಂಬಿ ಬಂತು. ರೇಣು ಮಾತ್ರ ಬಿಡಲಿಲ್ಲ. "ಭಾನುವಾರದ ತನಕ ನೋಡೂಣ್ರಿ ಸರ್. ಇನ್ನೊಂದು ಸಲ ಕಾಕಾರ ಮಾಡ್ಲಿ. ಆಗಲಿಲ್ಲಂದ್ರ ಬೆಳಗಾವಿಯವ್ರನ್ನ ಕರಸ್ರಿ," ಎಂದಳು. ಸಾವಕಾರರು ಹ್ಞೂಂ ಎನ್ನದೆ, ಊಹ್ಞೂಂ ಎನ್ನದೆ ಹೊರಟುಹೋದರು.

ವೀರಪ್ಪ ಅಲ್ಲೇ ಬೇವಿನ ಗಿಡದ ಕೆಳಗೆ ಕೂತ. ಗೇಟು, ಹುಲ್ಲುಹಾಸು, ಬಣ್ಣದ ಗೋಡೆಗಳ ನಡುವೆ ಮೊದಲ ದಿನ ಅವನಿಗೆ ಹೊಲದ ಗುರುತೇ ಹತ್ತಿರಲಿಲ್ಲ. ಈಗ ತಲೆ ಎತ್ತಿದರೆ, ಆ ಬೇವು ಪೂರ್ವಕ್ಕೆ ಬಾಗಿ ಮೊಣಕೈಯಂತೆ ಮಡಿಚಿಕೊಂಡಿತ್ತು. ಅದರ ಟೊಂಗೆಗೆ ಅವನು ಎಷ್ಟು ಸಲ ಬುತ್ತಿಯ ಗಂಟು ತೂಗುಹಾಕಿದ್ದ! ಹಾಗಾದರೆ ಇದು ಕಣ. ಈ ನೀಲಿ ನೀರು ನಿಂತದ್ದು ಸಾವಕಾರರ ಹಳೆಯ ಕಣದ ಮೇಲೆ.

ಸುಗ್ಗಿಗೆ ಮೊದಲು ಇಲ್ಲಿಯ ನೆಲ ಕೆತ್ತಿ, ನೀರು ಹೊಡೆದು, ಸಗಣಿಯಿಂದ ಸಾರಿಸುತ್ತಿದ್ದರು. ನಡುವೆ ಹೂತ ತೂತುಗಲ್ಲಿನಲ್ಲಿ ಮೇಟಿ ನಿಲ್ಲಿಸಲು ಬಡಿಗೇರ ಬರಬೇಕಿತ್ತು. ಮೇಟಿ ಎಂದರೆ ಕಣದ ನಡುಗಂಬ. ಅದಕ್ಕೆ ಕಟ್ಟಿದ ಎತ್ತುಗಳು ಜೋಳದ ತೆನೆಯ ಮೇಲೆ ಸುತ್ತು ಹೊಡೆಯುತ್ತಿದ್ದವು. ಮೇಟಿಗೆ ಅರಿಷಿಣ ಕುಂಕುಮವಿಟ್ಟು ಕಾಯಿ ಒಡೆದ ಮೇಲೆ, ಮಹಾಂತಪ್ಪನ ತಾಯಿ ಖಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ ಬಡಿಸಿ, "ಮದ್ಲ ಬಡಿಗ್ಯಾಗ ನೀಡ್ರಿ" ಎನ್ನುತ್ತಿದ್ದಳು. ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ರಾಶಿ ತೂರಲು ಗಾಳಿ ಬೇಕೆಂದು ಇದೇ ಬೇವಿನ ಎಲೆ ನೋಡುತ್ತ ಮಂದಿ ತಾಸುಗಟ್ಟಲೆ ಕೂಡುತ್ತಿದ್ದರು. ಈಗ ಅದೇ ಜಾಗದಲ್ಲಿ ಅದೇ ಗಾಳಿಗೆ ಹೆದರಿ ಛತ್ರಿ ಕೀಳುತ್ತಾರೆ. ಕಾಲ ಬದಲಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಷ್ಟು ಕಣ್ಣೆದುರಿಗೆ ಬದಲಾಗಬಾರದು ಎಂದು ವೀರಪ್ಪನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಆ ಸಿಟ್ಟಿನಲ್ಲೇ ಅಪ್ಪನ ಮಾತು ನೆನಪಾಯಿತು. ಹದಿನಾರರ ವಯಸ್ಸಿನಲ್ಲಿ ಇದೇ ಕಣದ ತೂತುಗಲ್ಲಿನ ಮುಂದೆ ಅವನು ಮೇಟಿಗೆ ಒಣ ಬೆಣೆ ಬಡಿದು ನೀರು ಹೊಯ್ಯಲು ಹೋಗಿ ತಲೆಗೊಂದು ಏಟು ತಿಂದಿದ್ದ. "ಗುದ್ದಲಿ ಕಾವು ಎಂದೂ ಬಿಡಬಾರ್ದು. ಮೇಟಿ ಸುಗ್ಗಿ ಮುಗದಮ್ಯಾಲ ಬಿಡಬೇಕು. ಹಿಡಿಯೂದಷ್ಟ ಕಲತರ ಬಡಿಗ್ಯಾ ಆಗೂದಿಲ್ಲ, ಬಿಡಸೂದೂ ಕಲೀಬೇಕು."

ಮೇಟಿಯ ಬೆಣೆ ಬೇರೆ, ಕಾವಿನ ಬೆಣೆ ಬೇರೆ! ಆರು ವರ್ಷ ಕೆಲಸವಿಲ್ಲದ ಕೈ ಅದನ್ನೇ ಮರೆತಿತ್ತು. ವೀರಪ್ಪ ಎದ್ದವನೇ ಕೋಲಿನ ಸುತ್ತಳತೆ, ಪೈಪಿನ ಆಳ ಅಳೆದುಕೊಂಡು ಮನೆಗೆ ಹೋದ.

ಎರಡು ದಿನ ಅಂಗಳ ಬಿಟ್ಟು ಏಳಲಿಲ್ಲ. ಅಟ್ಟದ ಮೇಲೆ ಉಳಿದಿದ್ದ ಹಳೆಯ ತೇಗದ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಎರಡೂ ಹೋಳಿನ ಹೊಟ್ಟೆ ಕೊರೆದ; ಕೂಡಿಸಿದರೆ ನಡುವೆ ಛತ್ರಿಯ ಕೋಲು ಕೂಡುವಷ್ಟು ಜಾಗ. ಕೆಳಗೆ ತೆಳುವು, ಮೇಲೇರಿದಂತೆ ದಪ್ಪ. ತಲೆಯಲ್ಲಿ ಒಂದು ಅಂಚು ಬಿಟ್ಟ, ಒಳಗೆ ಜಾರಿ ಬೀಳದೆ ಪೈಪಿನ ಬಾಯಿಯ ಮೇಲೆ ಕೂಡಲೆಂದು. ನೀರಿಗೆ ಉಬ್ಬಬಾರದಲ್ಲ, ಅದಕ್ಕೆ ಬಂಡಿಯ ಅಚ್ಚಿಗೆ ಹಾಕುತ್ತಿದ್ದಂಥ ಔಡಲೆಣ್ಣೆ ಬೇಕಿತ್ತು. ಸುಂದರವ್ವ ಮೊಣಕಾಲಿಗೆ ಹಚ್ಚಲು ಇಟ್ಟುಕೊಂಡಿದ್ದ ಸೀಸೆಯನ್ನೇ ತಂದು ಮುಂದಿಟ್ಟಳು. "ನನ್ನ ಕಾಲ ಇವತ್ತ ಬ್ಯಾನಿ ಇಲ್ಲ ಬಿಡ್ರಿ," ಎಂದಳು. ಮರ ಒಂದು ಹಗಲು ಒಂದು ರಾತ್ರಿ ಎಣ್ಣೆ ಕುಡಿಯಿತು.

ಶನಿವಾರ ಮುಂಜಾನೆ ಅವನು ಹೋಗುವಷ್ಟರಲ್ಲಿ ಹೊಸ ಪೈಪು ಹಾಕಿಸಿ, ಕಡ್ಡಿ ನೆಟ್ಟಗೆ ಮಾಡಿಸಿದ್ದರು. ದಡಕ್ಕೆ ಬರುತ್ತಲೇ ವೀರಪ್ಪ ಚಪ್ಪಲಿ ಬಿಟ್ಟ. "ಕಲ್ಲು ಜಾರತಾವ್ರಿ ಕಾಕಾರ, ಚಪ್ಪಲಿ ಇರಲಿ," ಎಂದಳು ರೇಣು. "ಇರಲಿ ತಂಗಿ," ಎಂದು ಬರಿಗಾಲಲ್ಲೇ ನಡೆದ. ಎರಡು ಹೋಳುಗಳನ್ನು ಕೋಲಿಗೆ ತಬ್ಬಿಸಿ ಪೈಪಿನೊಳಗೆ ಇಳಿಸಿದ. ಅಂಗೈಯಿಂದ ಎರಡು ಸಲ ತಟ್ಟಿದ. ಅಷ್ಟೇ.

ಮಹಾಂತಪ್ಪ ಸಾವಕಾರರು ಬಂದು ಕೋಲನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದರು. ಮಿಸುಕಲಿಲ್ಲ. ಮಧ್ಯಾಹ್ನ ಮೋಡ ಕವಿದು ಗಾಳಿ ಬೀಸಿತು. ಬೇವಿನ ಗಿಡ ಹೊಯ್ದಾಡಿತು, ಛತ್ರಿಯ ಜಾಲರಿ ಪಟಪಟ ಬಡಿಯಿತು, ಕೋಲು ಮಾತ್ರ ಅಲ್ಲಾಡಲಿಲ್ಲ. ಗಾಳಿ ಇನ್ನೂ ಜೋರಾದಾಗ ರೇಣು ಛತ್ರಿ ಮಡಿಚಿದಳು. ವೀರಪ್ಪ ಹೇಳಿದಂತೆ ಬೆಣೆಯ ಅಂಚಿಗೆ ಪಕ್ಕದಿಂದ ಒಂದು ಪೆಟ್ಟು ಕೊಟ್ಟು ಎತ್ತಿದಳು. ಕೋಲು ಬೆಣ್ಣೆಯಿಂದ ಕೂದಲೆಳೆದಂತೆ ಬಂತು. ಮತ್ತೆ ಇಳಿಸಿದಳು, ಮತ್ತೆ ಎತ್ತಿದಳು, ಒಬ್ಬಳೇ.

"ಭೇಷ್ ವೀರಪ್ಪಾ! ನಮ್ಮಪ್ಪ ಇರಬೇಕಾಗಿತ್ತ ನೋಡು ಇವತ್ತ," ಎಂದರು ಸಾವಕಾರರು. ವೀರಪ್ಪನ ಎದೆ ತುಂಬಿ ಬಂತು. ಕೈ ಮುಗಿದ.

ಮನೆಗೆ ಬಿಡಲು ಬಂದ ರೇಣು ಬಾಗಿಲ ಮುಂದೆ ಸ್ಕೂಟಿ ನಿಲ್ಲಿಸಿ, ನಿಜವಾದ ಪ್ರೀತಿಯಿಂದಲೇ ಹೇಳಿದಳು: "ಭಾಳ ಉಪಕಾರ ಆತ್ರಿ ಕಾಕಾರ. ಎಲ್ಲಾ ಮೊಬೈಲಿನಾಗ ಫೋಟೋ ತಗೊಂಡೇನಿ. ಇನ್ನ ಮುಂದ ತರಸೂ ಛತ್ರಿಗೋಳಿಗೂ ಬೆಳಗಾವ್ಯಾಗ ಹಿಂಗ ಪ್ಲಾಸ್ಟಿಕ್ಕಿಂದು ಮಾಡಿಸಿಬಿಡತೇವಿ. ಈ ವಯಸ್ಸಿನ್ಯಾಗ ನಿಮಗ ಮತ್ತ ತ್ರಾಸ ಕೊಡೂದಿಲ್ರಿ."

ವೀರಪ್ಪ ನಕ್ಕು, ಅವಳ ತಲೆ ಮುಟ್ಟಿ ಒಳಗೆ ಬಂದ. ಚೀಲವನ್ನು ಗೂಟಕ್ಕೆ ಹಾಕಿ ಕೈಕಾಲು ತೊಳೆದ. ಸುಂದರವ್ವ ತಾಟು ಇಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

"ಹಿಡೀತ?"

"ಹಿಡೀತು. ಬಿಡಾಕೂ ಬಂತು. ಭಾಳ ಚಲೋ ಆಗೇತಿ."

"ಮತ್ತ ಯಾವಾಗ ಬಾ ಅಂದಾರ?"

ವೀರಪ್ಪ ರೊಟ್ಟಿ ಮುರಿದ.

"ಚಲೋ ಆಗೇತಿ ಅಂದ್ನೆಲ್ಲ. ಇನ್ನ ಕರಿಯೂದಿಲ್ಲ."

ಅವಳು ಅವನ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಬೆಣ್ಣೆ ಹಾಕಿದಳು.