ಪ್ಯಾಂಟಿನ ಹಿಂದೆ ಒಂದೂವರೆ ಇಂಚು

ಓದುಗ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಶರಣು. ಬೈಲಹೊಂಗಲ ಪೇಟೆಯ ಈ ಟೇಲರನ ಬರಹದಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಹತ್ತನೇ ಇಯತ್ತೆ ಪಾಸಾದಾಗ ನನಗೆ ಮೂವತ್ನಾಲ್ಕು ವರ್ಷ. (ಪರೀಕ್ಷೆ ಕೋಣೆಗೆ ಹೋದಾಗ ಹುಡುಗರು ನನ್ನನ್ನು ಸೂಪರ್‌ವೈಸರ್ ಅಂದುಕೊಂಡು ಎದ್ದು ನಿಂತಿದ್ದರು.) ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತೇನೆ. ಪ್ರತಿ ಸಲ ನೀವು ನನ್ನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದೀರಿ. ಆದರೆ ಈ ವಾರ ತಪ್ಪು ಹೆಚ್ಚು ಕಂಡರೆ ಅದಕ್ಕೆ ಕಾರಣ ನನ್ನ ಕಲಿಕೆಯಲ್ಲ. ಕಣ್ಣು.

ಹೇಳುತ್ತೇನೆ.

ಮೂರು ತಿಂಗಳ ಹಿಂದೆ ದೇಗಾಂವದಿಂದ ಒಬ್ಬ ಅಜ್ಜಿ ಮಗನ ಅಂಗಿಗೆ ಗುಂಡಿ ಹಚ್ಚಿಸಲು ಬಂದಿದ್ದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಗಡಿಬಿಡಿ ಮಾಡುತ್ತಿದ್ದರು. ನಾನು ಸೂಜಿ ಹಿಡಿದೆ. ದಾರ ಪೋಣಿಸಲು ಹೋದೆ. ದಾರ ಸೂಜಿಯ ಪಕ್ಕದಿಂದ ಹಾದುಹೋಯಿತು. ಮತ್ತೊಮ್ಮೆ. ಆಗಲೂ ಪಕ್ಕಕ್ಕೇ. ಚಷ್ಮಾ ಒರೆಸಿದೆ. ದಾರದ ತುದಿ ಬಾಯಲ್ಲಿ ಇಟ್ಟು ಚೂಪು ಮಾಡಿದೆ. ಸೂಜಿಯ ಕಣ್ಣು ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು.

"ಯಾಕೋ ತಮ್ಮಾ, ಮುಹೂರ್ತ ನೋಡಾಕ ಹತ್ತೀಯೇನು? ಕೊಡಿಲ್ಲಿ" ಎಂದು ಅಜ್ಜಿ ಕಟ್ಟೆ ಹತ್ತಿ ಬಂದರು.

ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಚಷ್ಮಾ ಇಲ್ಲದೆ!

ಪಕ್ಕದಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ರಾಜೇಸಾಬ ಎರಡು ದಿನ ಅದನ್ನೇ ಹೇಳಿ ನಕ್ಕ. "ಮಾಸ್ತರ, ಆ ಅಜ್ಜೀನ್ನ ಪಗಾರಕ್ಕ ಇಟ್ಕೋರಿ. ನಿಮ್ಮ ಅಂಗಡಿ ಉಳೀತೈತಿ" ಅಂದ. ನಾನೂ ನಕ್ಕೆ. ಮನೆಗೆ ಹೋಗಿ ಹೆಂಡತಿ ಗಂಗವ್ವನಿಗೆ ನಗುತ್ತಲೇ ಹೇಳಿದೆ. ಆಕೆ ನಗಲಿಲ್ಲ. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಶುಗರ್. ಅದೂ ಇವತ್ತು ನಿನ್ನೆಯದಲ್ಲವಂತೆ.

ಡಾಕ್ಟರ್ ಬಾಯಿ (ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಹಾಗೇ ಅನ್ನುವುದು) ಒಳ್ಳೆಯವರು. ಬೈಯದೆ ಹೇಳಿದರು. "ಕಣ್ಣಿನ ಒಳಗಿನ ಪರದೆಗೆ ಇನ್ನಾ ಭಾಳ ಏನೂ ಆಗಿಲ್ರಿ. ಶುಗರ್ ಹಿಂಗ ಇದ್ರ ಮಾತ್ರ ಆಗತೈತಿ. ಒಮ್ಮೆ ಕೆಟ್ಟಿದ್ದನ್ನ ಮೊದಲಿನಂಗ ಮಾಡಾಕ ಬರೂದಿಲ್ಲ. ಗುಳಿಗಿ ತಪ್ಪಿಸಬ್ಯಾಡ್ರಿ, ತೂಕ ಇಳಸ್ರಿ, ಮೂರ ತಿಂಗಳಿಗೆ ಬರ್ರಿ."

ಕಣ್ಣು ಹೋದ ಟೇಲರ್ ಏನು ಮಾಡುತ್ತಾನೆ? ನನಗೆ ಬೇರೆ ಕೆಲಸ ಬರುವುದಿಲ್ಲ. ಬರೆಯುವುದು ಬರುತ್ತದೆ ಅಂತೀರಾ? ಅದಕ್ಕೂ ಕಣ್ಣು ಬೇಕಲ್ಲ.

ಅಲ್ಲಿಯ ನರ್ಸ್ ಟೇಪು ಹಿಡಿದು ಸೊಂಟದ ಅಳತೆಗೆ ಬಂದಳು. "ಮೂವತ್ತಾರು ಬರಕೋರಿ ಸಿಸ್ಟರ್. ನಾ ಟೇಲರ್ ಅದೇನಿ, ನನ್ನ ಅಳತಿ ನಂಗ ಗೊತ್ತಿಲ್ಲೇನು?" ಎಂದೆ. ಆಕೆ ಬರೆದುಕೊಳ್ಳಲಿಲ್ಲ. ಟೇಪು ಸುತ್ತಿದಳು. ನಲವತ್ತೆರಡು.

ಇದು ಹೇಗೆ ಸಾಧ್ಯ? ನೀವು ಕೇಳಬಹುದು. ನಾನೂ ನನ್ನನ್ನೇ ಕೇಳಿಕೊಂಡೆ. ಆಸ್ಪತ್ರೆಯಿಂದ ಮನೆ ಮುಟ್ಟುವುದರೊಳಗೆ ಉತ್ತರ ಸಿಕ್ಕಿತು.

ನೀವು ದಪ್ಪ ಆದರೆ ಏನಾಗುತ್ತದೆ? ಒಂದು ದಿನ ಮುಂಜಾನೆ ಪ್ಯಾಂಟಿನ ಗುಂಡಿ ಕಾಜಿನ ತೂತಿಗೆ ಬೀಳುವುದಿಲ್ಲ. ಉಸಿರು ಹಿಡಿದು ಹಾಕುತ್ತೀರಿ. ಸಂಜೆಗೆ ಹೊಟ್ಟೆಯ ಮೇಲೆ ಕೆಂಪು ಗೆರೆ. ಅವತ್ತು ನಿಮಗೆ ಭಯ ಆಗುತ್ತದೆ. ನನಗೆ ಆ ದಿನವೇ ಬರಲಿಲ್ಲ. ಸ್ವಲ್ಪ ಬಿಗಿ ಅನಿಸಿದರೆ ಮಧ್ಯಾಹ್ನ ಊಟ ಮುಗಿಸಿ, ಬ್ಲೇಡಿನಿಂದ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯಿಂದ ಅರ್ಧ ಇಂಚು ಹೊರಗೆ ತೆಗೆದು ಮತ್ತೆ ಹೊಲಿದು ಹಾಕಿಕೊಳ್ಳುತ್ತಿದ್ದೆ. ಹತ್ತು ನಿಮಿಷದ ಕೆಲಸ. ಒಳಗಿನ ಬಟ್ಟೆ ಮುಗಿದರೆ ಒಂದು ತುಂಡು ಪಟ್ಟಿ. ಹೊಸ ಪ್ಯಾಂಟ್ ಆದರೆ ಅಂದಾಜಿನ ಮೇಲೆ ಕತ್ತರಿಸುತ್ತಿದ್ದೆ. ಊರವರ ಅಳತೆಯೆಲ್ಲ ನನ್ನ ಪುಸ್ತಕದಲ್ಲಿದೆ. ನನ್ನದು ಮಾತ್ರ ಮದುವೆ ವರ್ಷ ಬರೆದದ್ದೇ ಕೊನೆ.

ಇಪ್ಪತ್ತೆರಡು ವರ್ಷ ನನ್ನ ಪ್ಯಾಂಟ್ ನನಗೆ ಸುಳ್ಳು ಹೇಳಿತು. ಹೇಳಿಸಿದವನು ನಾನೇ.

ಗಿರಾಕಿಗಳಿಗೂ ಅದನ್ನೇ ಮಾಡುತ್ತಾ ಬಂದಿದ್ದೇನೆ. ಗಿರಾಕಿ ಸೊಂಟ ಹಿಡಿದುಕೊಂಡು ಬಂದರೆ "ನೀವು ದಪ್ಪ ಆಗೀರಿ" ಎಂದು ಯಾವ ಟೇಲರ್ ಹೇಳುತ್ತಾನೆ? "ನೀರಿಗೆ ಬಟ್ಟಿ ಸಣ್ಣ ಆಗೇತ್ರಿ ಸಾಹೇಬ್ರ" ಎನ್ನುತ್ತೇನೆ. ಅವರಿಗೂ ಸಮಾಧಾನ. (ಯಾರ ಹೆಸರೂ ಬರೆಯುವುದಿಲ್ಲ, ಗಾಬರಿ ಬೇಡ.)

ಸರಿ, ಡಯಟ್ ಶುರು ಮಾಡಿದೆ. ಶುರು ಮಾಡಿದ್ದೇ ತಡ, ಊರೆಲ್ಲ ಡಾಕ್ಟರ್ ಆಯಿತು. ಸವದತ್ತಿಯ ಭಾವ ಮುಂಜಾನೆ ಬಿಸಿನೀರಿಗೆ ಲಿಂಬೆಹಣ್ಣು ಎಂದರು. ರಾಮದುರ್ಗದ ಗಿರಾಕಿಯೊಬ್ಬ ಯಾವುದೋ ಪುಡಿಯ ಡಬ್ಬಿ ಹಿಡಿದುಕೊಂಡೇ ಬಂದ. ನನ್ನ ಅತ್ತೆ ಸೋಮವಾರ ಉಪವಾಸ ಎಂದರು.

ಉಪವಾಸ ಹಿಡಿಸಿತು. ಯಾಕೆ ಹಿಡಿಸಿತು ಗೊತ್ತೇ? ನಮ್ಮ ಕಡೆ ಉಪವಾಸ ಅಂದರೆ ಸಾಬೂದಾಣಿ ಖಿಚಡಿ, ಮೇಲೆ ಕೈತುಂಬ ಶೇಂಗಾ ಪುಡಿ, ಬಾಳೆಹಣ್ಣು, ಶೇಂಗಾ ಉಂಡಿ, ಹಾಲು. ಉಳಿದ ದಿನ ಉಣ್ಣುವುದಕ್ಕಿಂತ ಉಪವಾಸದ ದಿನ ಹೆಚ್ಚು! ಮೂರನೆಯ ಸೋಮವಾರ ನಾಚಿಕೆಯಾಗಿ ಏನೂ ತಿನ್ನದೆ ಗುಳಿಗೆ ಮಾತ್ರ ತೆಗೆದುಕೊಂಡೆ. ಹನ್ನೊಂದು ಗಂಟೆಗೆ ಕೈ ನಡುಗಿತು, ಬೆವರು ಸುರಿಯಿತು, ಕತ್ತರಿ ಕೈಯಿಂದ ಬಿತ್ತು. ರಾಜೇಸಾಬ ಓಡಿ ಬಂದು ಬಾಯಿಗೆ ಬೆಲ್ಲ ಇಟ್ಟ. ಅವತ್ತು ಫೋನಿನಲ್ಲಿ ಡಾಕ್ಟರ್ ಬಾಯಿ ಮೊದಲ ಸಲ ಬೈದರು. ಶುಗರ್ ಗುಳಿಗೆ ನುಂಗುವವರೇ, ಇದನ್ನು ಮಾತ್ರ ದಯವಿಟ್ಟು ನೆನಪಿಡಿ. ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ.

ಆಮೇಲೆ ನನಗೆ ನಿಜವಾಗಿ ಉಪಯೋಗವಾದದ್ದು ಒಂದು ಸಣ್ಣ ಬದಲಾವಣೆ. ನಮ್ಮ ಮನೆಗಳಲ್ಲಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಗಂಡಸು ಮೊದಲು ಕೂಡುತ್ತಾನೆ, ಹೆಂಗಸು ರೊಟ್ಟಿ ಬಡಿಯುತ್ತಾಳೆ. ಆಕೆ ಬಡಿಯುವವರೆಗೆ ಈತ ತಿನ್ನುತ್ತಾನೆ. "ಎಷ್ಟು ರೊಟ್ಟಿ ತಿಂತೀರಿ?" ಎಂದು ಡಾಕ್ಟರ್ ಕೇಳಿದಾಗ ಎಂದೂ ಎಣಿಸಿಲ್ಲ ಎಂದೆ. ಜೋಳದ ರೊಟ್ಟಿ ತಾನೇ, ಏನೂ ಆಗುವುದಿಲ್ಲ ಎಂಬ ಧೈರ್ಯ ಬೇರೆ. ಈಗ ಎಲ್ಲ ರೊಟ್ಟಿ ಬಡಿದು ಹಂಚು ಇಳಿಸಿದ ಮೇಲೆ ಇಬ್ಬರೂ ಕೂಡುತ್ತೇವೆ. ತಾಟಿಗೆ ಎರಡು ರೊಟ್ಟಿ, ಅಂಗೈ ತುಂಬ ಪಲ್ಯ, ಸೊಪ್ಪಿನ ಹಸಿ ಪಚಡಿ. ಮೂರನೆಯದು ಬೇಕೆಂದರೆ ನಾನೇ ಎದ್ದು ಹೋಗಬೇಕು. ಮಂಡಿ ನೋವಿರುವವನು ಅಷ್ಟು ಸುಲಭಕ್ಕೆ ಏಳುವುದಿಲ್ಲ. (ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಗವ್ವ ಬಿಸಿ ರೊಟ್ಟಿ ತಿಂದದ್ದು ಈಗಲೇ ಅಂತೆ. ಅದನ್ನು ಕೇಳಿ ತಲೆ ತಗ್ಗಿಸಿದೆ.)

ಚಹಾ? ಅದು ಕಷ್ಟ. ಗಿರಾಕಿ ಬಂದರೆ ಚಹಾ, ಗಿರಾಕಿ ಹೋದರೆ ಚಹಾ. ಬೇಡ ಎಂದರೆ "ಯಾಕ್ರಿ, ನಮ್ಮ ಚಾ ಕುಡಿಯೂದಿಲ್ಲೇನು?" ಎಂದು ಮುಖ ಸಣ್ಣ ಮಾಡುತ್ತಾರೆ. ಈಗ ಮೇಜಿನ ಮೇಲೆ ಒಂದು ಖಾಲಿ ಕಪ್ಪು ಇಟ್ಟಿರುತ್ತೇನೆ. ಯಾರು ಬಂದರೂ "ಈಗರೆ ಆತ್ರಿ" ಎಂದು ತೋರಿಸುತ್ತೇನೆ. ಸುಳ್ಳೇ, ಒಪ್ಪುತ್ತೇನೆ. ಆದರೆ ಆರೋಗ್ಯಕ್ಕೆ ಒಳ್ಳೆಯ ಸುಳ್ಳು. ಕಾರ್ಯಕ್ರಮಗಳಿಗೆ ಹೋಗುವಾಗ ಮನೆಯಲ್ಲೇ ಒಂದು ರೊಟ್ಟಿ ತಿಂದು ಹೋಗುತ್ತೇನೆ. ಯರಗಟ್ಟಿಯಲ್ಲಿ ಷಡ್ಡಕನ ಮನೆ ವಾಸ್ತುಶಾಂತಿಗೆ ಹಾಗೆ ಹೋಗಲಿಲ್ಲ, ಹಸಿದು ಹೋದೆ. ಮೂರು ಹೋಳಿಗೆ. ಮೇಲೆ ತುಪ್ಪ. ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ ಸುರಿದರು.

ಇಷ್ಟೆಲ್ಲದರ ಜೊತೆ ಒಂದು ಹಟ ಮಾಡಿದೆ. ನಲವತ್ತು ಇಂಚಿನ ಒಂದು ಪ್ಯಾಂಟ್ ಹೊಲಿದೆ. ಹೊಲಿದ ಮೇಲೆ ಒಳಗಿನ ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಚಿಂದಿ ಚೀಲಕ್ಕೆ ಒಗೆದೆ. ಬಿಚ್ಚಲು ಏನೂ ಉಳಿಯಬಾರದು. ಅದನ್ನು ಮನೆಯಲ್ಲಿ, ನಾನು ಊಟಕ್ಕೆ ಕೂಡುವ ಜಾಗದ ಎದುರಿನ ಗೂಟಕ್ಕೆ ತೂಗುಹಾಕಿದೆ. ಟೇಪು ಮುಟ್ಟುವುದಿಲ್ಲ, ಪ್ಯಾಂಟೇ ನನ್ನ ಟೇಪು ಎಂದು ಗಂಗವ್ವನಿಗೆ ಹೇಳಿದೆ. ಪ್ರತಿ ಭಾನುವಾರ ಹಾಕಿ ನೋಡುತ್ತಿದ್ದೆ. ಪ್ರತಿ ಭಾನುವಾರ ಗುಂಡಿಗೂ ಕಾಜಿಗೂ ನಡುವೆ ನನ್ನ ಹೊಟ್ಟೆ.

ಹತ್ತು ಭಾನುವಾರ ಹೀಗೇ ಹೋದವು. ಡಾಕ್ಟರ್ ಹೇಳಿದ ದಿನ ಹತ್ತಿರ ಬಂತು. ಊಟ ರುಚಿಸುತ್ತಿರಲಿಲ್ಲ.

ಹೋದ ಭಾನುವಾರ ಗುಂಡಿ ಕಾಜಿಗೆ ಬಿತ್ತು.

ಬಿತ್ತು ಎಂದರೆ ಪೂರಾ ಬಿತ್ತು. ಉಸಿರು ಹಿಡಿಯದೆ! ನಾನು ಆ ಪ್ಯಾಂಟಿನಲ್ಲೇ ಪೇಟೆಗೆ ಹೋದೆ. ರಾಜೇಸಾಬನ ಮುಂದೆ ಗಿರಕಿ ಹೊಡೆದೆ. "ಅರೇ ಮಾಸ್ತರ, ಮದುಮಗ ಆದ್ರಲ್ಲ" ಅಂದ. ನಾಲ್ಕು ಮಂದಿಗೆ ಡಯಟ್ ಹೇಗೆ ಮಾಡಬೇಕೆಂದು ಭಾಷಣ ಮಾಡಿದೆ. ಈ ಅಂಕಣವನ್ನೂ ಆ ಖುಷಿಯಲ್ಲೇ ಬರೆಯಬೇಕೆಂದಿದ್ದೆ.

ಬುಧವಾರ ಪ್ಯಾಂಟ್ ಮಡಚಿ ಇಡುವಾಗ ಹೆಬ್ಬೆರಳು ಸೊಂಟದ ಪಟ್ಟಿಯ ಒಳಗೆ ಹಾದುಹೋಯಿತು. ಬೆರಳು ನಿಂತಿತು. ಒಂದು ಹೊಲಿಗೆ ಇರಬೇಕಾದ ಕಡೆ ಎರಡು ಹೊಲಿಗೆ. ಪ್ಯಾಂಟನ್ನು ಕಣ್ಣಿನ ಹತ್ತಿರ ತಂದೆ. ಕಾಣಲಿಲ್ಲ. ಇನ್ನೂ ಹತ್ತಿರ ತಂದೆ. ಕಾಣಲಿಲ್ಲ. ಎದ್ದು ಬಾಗಿಲ ಹೊರಗೆ ಬಿಸಿಲಿಗೆ ಹೋಗಿ ಹಿಡಿದೆ. ಆಗ ಕಂಡಿತು. ಹಿಂಭಾಗದಲ್ಲಿ ಒಂದೂವರೆ ಇಂಚಿನ ಪಟ್ಟಿ. ನಾನು ಚಿಂದಿ ಚೀಲಕ್ಕೆ ಒಗೆದಿದ್ದ ಅದೇ ಬಟ್ಟೆ.

ಒಳಗೆ ಹೋದೆ. ಗಂಗವ್ವ ಹಿಟ್ಟು ನಾದುತ್ತಿದ್ದಳು.

"ಈ ಪಟ್ಟಿ ನೀ ಹಚ್ಚಿಯೇನು?"

"ಹೂನ್ರಿ."

"ಯಾಕ?"

"ಊರ ಮಂದಿಗೆಲ್ಲಾ ನೀವು ಹಚ್ಚಿ ಕೊಡ್ತೀರಿ. ಯಾಕಂತ ಯಾರರೆ ಕೇಳ್ಯಾರೇನು?"

ನನಗೆ ಸಿಟ್ಟು ಬಂತು. ದೊಡ್ಡ ದನಿ ತೆಗೆದೆ. ನನ್ನ ಕಣ್ಣಿನ ಪ್ರಶ್ನೆ ಇದು, ನಿನಗೆ ಚೇಷ್ಟೆಯೇ ಎಂದೆ. ಆಕೆ ಹಿಟ್ಟಿನ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಚೇಷ್ಟೀನ ಅದು. ಉಣ್ಣಾಕ ಕುಂತ್ರ ತಾಟ ನೋಡೂದಿಲ್ಲ, ಗೂಟ ನೋಡ್ತೀರಿ. ಒಂದ ದಿನಾನರೆ ನಗಲಿ ಅಂತ ಹಚ್ಚಿದ್ನಿ. ನನ್ನ ಹೊಲಿಗಿ ಎಂಥಾದ್ದು ಅಂತ ನಿಮಗ ಗೊತ್ತೈತಿ, ಸೊಟ್ಟ. ಕೈಯಾಗ ಹಿಡದ ಕೂಡ್ಲೆ ಹಿಡಕೋತೀರಿ, 'ಏನ ಸೊಟ್ಟ ಹೊಲದೀಯೇ' ಅಂತ ಬೈತೀರಿ, ಇಬ್ರೂ ನಗೂಣು ಅನ್ಕೊಂಡಿದ್ನಿ. ನೀವು ಹಾಕ್ಕೊಂಡ ಹೋಗೇ ಬಿಟ್ರಿ."

ಕೈಗೆ ಅಂಟಿದ ಹಿಟ್ಟನ್ನು ಕೆರೆದು ತೆಗೆದಳು.

"ನಿಮಗ ಅಷ್ಟೂ ಕಾಣೂದಿಲ್ಲ ಅಂತ ನಂಗ ಗೊತ್ತಿರಲಿಲ್ರಿ. ಮೂರ ದಿನ ಆತು, ಹೆಂಗ ಹೇಳಲಿ ಅಂತ ಒದ್ದಾಡಾಕ ಹತ್ತೇನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ.

ಅವತ್ತೇ ಪಟ್ಟಿ ಬಿಚ್ಚಿದೆ. ಬಿಚ್ಚಿ, ಹಿಂದಿನ ಹೊಲಿಗೆಯನ್ನು ಮೊದಲಿನಂತೆ ಹಾಕಿದೆ. ಸೂಜಿಗೆ ದಾರ ಗಂಗವ್ವ ಪೋಣಿಸಿದಳು. ನಾನೂ ಬೇಡ ಎನ್ನಲಿಲ್ಲ.

ಆಮೇಲೆ ರಾಜೇಸಾಬನಿಗೆ ಟೇಪು ಕೊಟ್ಟು ಅಳೆ ಎಂದೆ. ಅವನು ದಾಕ್ಷಿಣ್ಯ ಮಾಡುವವನಲ್ಲ. "ನಲವತ್ತೊಂದು. ಒಂದ ನೂಲೂ ಕಮ್ಮಿ ಇಲ್ಲ ಮಾಸ್ತರ" ಅಂದ. ಅಂದರೆ ಒಂದು ಇಂಚು ನಿಜವಾಗಿ ಇಳಿದಿದೆ. ಒಂದು ಇಂಚು ಬಾಕಿ. ಒಂದು ಇಂಚಿಗೆ ಶುಗರ್ ಎಷ್ಟು ಇಳಿದಿರುತ್ತದೆ? ಕಣ್ಣು ಎಷ್ಟು ಉಳಿದಿರುತ್ತದೆ? ಅದನ್ನು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ. ಬರುವ ಗುರುವಾರ ಡಾಕ್ಟರ್ ಬಾಯಿ ಹೇಳಬೇಕು.

ತೂಕ ಇಳಿಸುವವರಿಗೆ ನಾನು ಹೇಳುವುದು ಇಷ್ಟೇ. ಎಲಾಸ್ಟಿಕ್ ಪ್ಯಾಂಟ್, ಲುಂಗಿ, ಸಡಿಲ ನೈಟಿ ಇವುಗಳನ್ನು ನಂಬಬೇಡಿ, ಇವು ಎಂದೂ ನಿಮ್ಮನ್ನು ಬೈಯುವುದಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಮುಂಜಾನೆ ಏನೂ ತಿನ್ನುವ ಮೊದಲು ಟೇಪು ಹಿಡಿಯಿರಿ. ನೀವೇ ಹಿಡಿಯಬೇಡಿ. ನಿಮ್ಮ ಮೇಲೆ ಬಹಳ ಮಾಯೆ-ಪ್ರೀತಿ ಇರುವವರ ಕೈಯಲ್ಲೂ ಹಿಡಿಸಬೇಡಿ. ಇಳಿದಿಲ್ಲ ಎಂದರೆ ಮುಖದ ಮೇಲೆ ಹೇಳುವ ಒಬ್ಬ ರಾಜೇಸಾಬನನ್ನು ಹುಡುಕಿಕೊಳ್ಳಿ. ಮತ್ತು ಟೇಲರ್ "ನೀರಿಗೆ ಬಟ್ಟಿ ಸಣ್ಣ ಆಗೇತಿ" ಎಂದರೆ ದಯವಿಟ್ಟು ನಂಬಬೇಡಿ. ನನ್ನ ಅಂಗಡಿಯಲ್ಲಿ ಆ ಮಾತು ಬಂದ್ ಮಾಡಿದ್ದೇನೆ. ಇಬ್ಬರು ಗಿರಾಕಿಗಳು ಆಗಲೇ ಸಿಟ್ಟಾಗಿ ಹೋಗಿದ್ದಾರೆ.

ನಿಮ್ಮ ಮನೆಯಲ್ಲೂ ಹೀಗೆ ಪ್ರೀತಿಯಿಂದ ಒಂದು ಪಟ್ಟಿ ಹಚ್ಚಿದವರು ಇದ್ದಾರೆಯೇ? ತಾಟಿಗೆ ಇನ್ನೊಂದು ರೊಟ್ಟಿ ಹಾಕಿ "ಇದ ಕಡೀದು" ಎಂದವರು? ಪತ್ರ ಬರೆದು ತಿಳಿಸಿ. ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆಯಿರಿ.

ಪ್ಯಾಂಟ್ ಈಗ ರಾಜೇಸಾಬನ ಅಂಗಡಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿದೆ. ಕೀಲಿಕೈ ಜೇಬಿಗೆ ಹಾಕಿಕೊಳ್ಳುವಾಗ, ಗಂಗವ್ವನನ್ನು ವೈನಿ ಎಂದೇ ಕರೆಯುವ ಅವನು ಕೇಳಿದ: "ಮಾಸ್ತರ, ಇದನ್ನ ಯಾರ ಕೈಗೆ ಅಂಜಿ ಇಟ್ಟೀರಿ, ವೈನಿ ಕೈಗೋ, ನಿಮ್ಮ ಕೈಗೋ?"